ಕೋರಂ ಸಿಗದ ಸಂಘ

ನಮ್ಮ ಮನೆಯ ಕೆಳಗಿನ ಕೋಣೆ ನನ್ನದಲ್ಲ. ಮನೆಯ ಪತ್ರದಲ್ಲಿ ನನ್ನ ಹೆಸರಿದೆ, ನೆಲ ಒರೆಸುವವಳು ನಾನು, ಸೋರುವ ಕಿಟಕಿಯ ಸಂದಿಗೆ ಬಟ್ಟೆ ತುರುಕುವವಳೂ ನಾನೇ. ಆದರೂ ಆ ಕೋಣೆಯೊಳಗೆ ಕಾಲಿಡಬೇಕಾದರೆ ಬಾಗಿಲು ತಟ್ಟಬೇಕು. ಒಳಗೆ ನನ್ನ ಗಂಡ, ಎಂಜಿನಿಯರಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘದ ಗೌರವ ಕಾರ್ಯದರ್ಶಿಗಳು, ಹದಿನಾಲ್ಕು ವರ್ಷದಿಂದ ಫೋನು ಕಿವಿಗಿಟ್ಟುಕೊಂಡು, ‘ಒಂದು ನಿಮಿಷ’ ಎಂದು ನನಗೆ ಅಂಗೈ ತೋರಿಸುತ್ತ ಕೂತಿದ್ದಾರೆ. ಆ ಒಂದು ನಿಮಿಷ ಇನ್ನೂ ಮುಗಿದಿಲ್ಲ.

ನಾನು ಕಾರು ಕಲಿಸುವವಳು. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಇನ್ನೊಬ್ಬರ ಕೈಗೆ ನನ್ನ ಜೀವ ಕೊಟ್ಟು ಬದುಕಿದ್ದೇನೆ. ಹಸಿರು ದೀಪ ಕಂಡು ಬ್ರೇಕ್ ಹಾಕುವವರನ್ನೂ, ಎದುರಿಗೆ ಗೋಡೆ ಕಂಡು ಆಕ್ಸಿಲರೇಟರ್ ಒತ್ತುವವರನ್ನೂ ಸಹಿಸಿದ್ದೇನೆ. ಹಾಗಾಗಿ ಇವಳಿಗೆ ತಾಳ್ಮೆಯಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನಗೆ ತಾಳ್ಮೆ ಇತ್ತು. ಸಂಘ ಅದನ್ನು ತಿಂದು ಮುಗಿಸಿತು.

ವಿಷಯ ಇಷ್ಟೇ. ನನಗೆ ಆ ಕೋಣೆ ಬೇಕಾಗಿತ್ತು. ನನಗಲ್ಲ, ನನ್ನ ಅಕ್ಕನಿಗೆ.

ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಕ್ಕನಿಗೆ ಆಗ ಹದಿನೆಂಟು. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸಕ್ಕೆ ಸೇರಿ ನನ್ನನ್ನು ಸಾಕಿದಳು, ಓದಿಸಿದಳು. ಹೆಂಗಸು ಕಾರು ಕಲಿಸುವುದೇ ಎಂದು ಊರೆಲ್ಲ ಮೂಗು ಮುರಿದಾಗ ಮೊದಲ ಶಿಷ್ಯೆಯಾಗಿ ಬಂದು ನನ್ನ ಪಕ್ಕ ಕೂತವಳೂ ಅವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ ‘ಇವಳದೊಂದು ದಾರಿಯಾಗಲಿ’ ಎಂದು ತಳ್ಳಿಹಾಕಿದಳು. ನನ್ನ ದಾರಿಯೇನೋ ಆಯಿತು. ಅವಳು ಮಾತ್ರ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬಳೇ ಉಳಿದಳು. ಏಳು ತಿಂಗಳ ಹಿಂದೆ ಅದೇ ಮೆಟ್ಟಿಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ಮೆಟ್ಟಿಲು ಮಾತ್ರ ಇನ್ನು ಈ ಜನ್ಮದಲ್ಲಿ ಬೇಡ ಎಂದರು ವೈದ್ಯರು.

ನಮ್ಮ ಅಡುಗೆಮನೆ, ಮಲಗುವ ಕೋಣೆ ಎಲ್ಲ ಹತ್ತೊಂಬತ್ತು ಮೆಟ್ಟಿಲ ಮೇಲಿವೆ. ಕೆಳಗೆ ಇರುವುದು ಕಾರು ನಿಲ್ಲಿಸುವ ಜಾಗ, ಒಂದು ಬಚ್ಚಲು, ಮತ್ತು ಆ ಕೋಣೆ. ಕೋಣೆಯಲ್ಲಿ ನಲವತ್ತೆರಡು ಕಡತದ ಪೆಟ್ಟಿಗೆಗಳು, ಯಾವುದೋ ಕಾಲದ ಎರಡು ಡ್ರಾಯಿಂಗ್ ಬೋರ್ಡು, ನಕ್ಷೆಗಳನ್ನಿಡುವ ಒಂದು ಕಬ್ಬಿಣದ ಬೀರು. ಆ ಬೀರುವನ್ನು ಮೇಲೆ ಸಾಗಿಸಲು ನಾನೇ ಇಬ್ಬರು ಕೂಲಿಯವರನ್ನು ಕರೆಸಿ ನೋಡಿದ್ದೆ. ಏಳನೇ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ಅರ್ಧ ದಿನ ನಿಂತಿತ್ತು. ನಮ್ಮೆಜಮಾನರು ಕೆಳಗೆ ನಿಂತು ಅದರ ಗುರುತ್ವಕೇಂದ್ರ ಎಲ್ಲಿದೆ ಎಂದು ಕೂಲಿಯವರಿಗೆ ಪಾಠ ಮಾಡುತ್ತಿದ್ದರು.

‘ಕಾಲೇಜಿನೋರೇ ಒಂದು ರೂಮ್ ಕೊಡ್ತೀವಿ ಅಂದಿದಾರಲ್ರೀ. ಅಲ್ಲಿಗೆ ಸಾಗ್ಸಿ’ ಎಂದೆ.

‘ಹಾಗೆಲ್ಲ ಸಾಗ್ಸೋಕಾಗಲ್ಲ ಕಣೇ. ಕಚೇರಿ ವಿಳಾಸ ಬದಲಾಯಿಸ್ಬೇಕಾದ್ರೆ ಮಹಾಸಭೆ ಒಪ್ಪಿಗೆ ಬೇಕು.’

‘ಸರಿ, ಕಾರ್ಯದರ್ಶಿ ಕೆಲ್ಸಕ್ಕೆ ರಾಜೀನಾಮೆ ಕೊಡಿ.’

‘ರಾಜೀನಾಮೆ ಒಪ್ಕೊಳ್ಳೋದಕ್ಕೂ ಮಹಾಸಭೆನೇ ಆಗ್ಬೇಕು.’

‘ಮತ್ತೆ ಮಹಾಸಭೆ ಮಾಡಿ, ಪುಣ್ಯಾತ್ಮ!’

‘ಮಾಡ್ತೀವಲ್ಲ, ಪ್ರತಿ ವರ್ಷ ಮಾಡ್ತೀವಿ. ಕೋರಂ ಸಿಗ್ತಿಲ್ಲ.’

ಈ ಕೋರಂ ಎಂಬ ಶನಿಯ ಬಗ್ಗೆ ಹೇಳಲೇಬೇಕು. ಸಂಘ ಕಟ್ಟಿದಾಗ ಸದಸ್ಯರು ಎಂಬತ್ತನಾಲ್ಕು ಮಂದಿ. ನಿಯಮಾವಳಿ ಬರೆಯಲು ವಕೀಲರನ್ನು ಕರೆಯೋಣ ಎಂದು ಯಾರೋ ಹೇಳಿದರಂತೆ. ಸೇತುವೆ ಕಟ್ಟುವ ನಮಗೆ ನಾಲ್ಕು ಪುಟ ಬರೆಯಲು ವಕೀಲ ಬೇಕೇ ಎಂದು ಉಳಿದವರೆಲ್ಲ ನಕ್ಕು ತಾವೇ ಬರೆದರಂತೆ. ಭದ್ರವಾಗಿರಲಿ ಎಂದು ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಕಣ್ಣೆದುರು ಹಾಜರಿದ್ದು ಸಹಿ ಹಾಕಿದರೆ ಮಾತ್ರ ಮಹಾಸಭೆ ಎಂದು ಗೀಚಿದರು. ಎಂಬತ್ತನಾಲ್ಕಕ್ಕೆ ಇಪ್ಪತ್ತೆಂಟು ಜನ. ಚಹಾ ಬಿಸ್ಕತ್ತು ಇದೆ ಎಂದರೆ ಅಷ್ಟು ಜನ ಬರುತ್ತಿದ್ದರು. ಸಂಘ ಬೆಳೆದರೆ ಏನಾಗುತ್ತದೆ ಎಂದು ಆ ಮಹಾನುಭಾವರಲ್ಲಿ ಒಬ್ಬರೂ ಯೋಚಿಸಲಿಲ್ಲ. ನೂರು ವರ್ಷದ ನೆರೆಗೆ ಲೆಕ್ಕ ಹಾಕಿ ಅಣೆಕಟ್ಟು ಕಟ್ಟುವ ಬುದ್ಧಿವಂತರು!

ಸಂಘ ಬೆಳೆಯಿತು. ಬೆಳೆಸಿದವನು ಈಗಿನ ಅಧ್ಯಕ್ಷ, ಲಿಫ್ಟ್ ತಯಾರಿಸುವ ಕಂಪನಿಯ ಮಾಲೀಕ, ನಲವತ್ತು ದಾಟಿದ ಹುರುಪಿನ ಮನುಷ್ಯ. ಕೂತಲ್ಲಿ ಕೂರುವುದಿಲ್ಲ, ಮಾತು ನಿಲ್ಲಿಸುವುದಿಲ್ಲ. ಕಾಲೇಜಿನಲ್ಲಿ ಅವನಿಗೆ ಟರ್ಬೈನ್ ಎಂದು ಹೆಸರಿಟ್ಟಿದ್ದರಂತೆ, ಇಟ್ಟವರಿಗೆ ಕೈ ಮುಗಿಯಬೇಕು. ಅವನು ಬಂದು ಪದವಿ ಪತ್ರದ ಜೊತೆಗೇ ಸದಸ್ಯತ್ವದ ಅರ್ಜಿಗೂ ಸಹಿ ಹಾಕಿಸುವ ಪದ್ಧತಿ ತಂದ. ನಾಲ್ಕೇ ವರ್ಷದಲ್ಲಿ ಮುನ್ನೂರ ಹತ್ತಿದ್ದ ಸಂಖ್ಯೆ ಸಾವಿರದ ಇನ್ನೂರ ಅರವತ್ತಾಯಿತು. ಸಹಿ ಹಾಕಿದ ಹುಡುಗ ಹುಡುಗಿಯರು ಮರುದಿನವೇ ದಿಕ್ಕಿಗೊಬ್ಬರಂತೆ ಚದುರಿಹೋದರು. ಕೋರಂ ಮಾತ್ರ ನಾನೂರ ಇಪ್ಪತ್ತಕ್ಕೆ ಏರಿ ಕೂತಿತು. ಸಭೆಗೆ ಬರುವವರು ನೂರಾ ಎಂಬತ್ತು, ನೂರಾ ತೊಂಬತ್ತು. ಮೂರು ವರ್ಷದಿಂದ ಒಂದೂ ಸಭೆ ಊರ್ಜಿತವಾಗಿಲ್ಲ. ನಿಯಮ ತಿದ್ದೋಣವೆಂದರೆ ಅದಕ್ಕೂ ಮಹಾಸಭೆಯೇ ಆಗಬೇಕು! ಹೊಸಬರು ಆಯ್ಕೆಯಾಗುವವರೆಗೆ ಹಳಬರೇ ಮುಂದುವರಿಯತಕ್ಕದ್ದು ಎಂದೂ ಅದೇ ಪುಣ್ಯಾತ್ಮರು ಬರೆದಿಟ್ಟಿದ್ದರು.

‘ಆಂಟಿ, ನಮ್ಮ ಗುರಿ ಐದು ಸಾವಿರ!’ ಎಂದ ಟರ್ಬೈನ್ ಒಂದು ದಿನ, ನಮ್ಮ ಮೆಟ್ಟಿಲ ಮೇಲೆ ನಿಂತು.

‘ಮೊದಲು ನನ್ನನ್ನ ಆಂಟಿ ಅನ್ನೋದು ನಿಲ್ಸಪ್ಪ. ಆಮೇಲೆ, ಐದು ಸಾವಿರ ಆದ್ರೆ ಕೋರಂ ಎಷ್ಟಾಗತ್ತೆ, ಹೇಳು?’

ಅವನು ಬೆರಳು ಮಡಿಸಿದ, ಮುಖ ಸಣ್ಣದಾಯಿತು. ‘ಅದನ್ನ ಆಮೇಲೆ ನೋಡ್ಕೊಳ್ಳೋಣ ಮೇಡಂ’ ಎಂದು ಇಳಿದು ಹೋದ.

ಈ ನಡುವೆ, ಶಸ್ತ್ರಚಿಕಿತ್ಸೆಯಾದಾಗಿನಿಂದ ಅಕ್ಕನಿದ್ದ ಆಸ್ಪತ್ರೆಯ ಆರೈಕೆ ವಾರ್ಡಿನವರು ತಿಂಗಳ ಕೊನೆಯೊಳಗೆ ಹಾಸಿಗೆ ಬಿಡಬೇಕು ಎಂದರು. ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ ಒಂದು ವೃದ್ಧಾಶ್ರಮ, ಅದರ ಅರ್ಜಿಯನ್ನೂ ಅವರೇ ತಂದುಕೊಟ್ಟಿದ್ದರು. ನಾನು ನೋಡಲು ಹೋದಾಗ ಅಕ್ಕ ಆಗಲೇ ಅದನ್ನು ತುಂಬಿಸಿಟ್ಟಿದ್ದಳು, ಸಹಿಯೊಂದು ಬಾಕಿ.

‘ನೀನ್ಯಾಕೆ ತಲೆ ಕೆಡ್ಸ್ಕೋತೀಯೇ. ಅಲ್ಲೂ ಮನುಷ್ಯರೇ ಇರ್ತಾರೆ. ನಿನ್ನ ಗಂಡನಿಗೆ ತೊಂದ್ರೆ ಕೊಟ್ಟು ನಾನು ಬರೋದು ಏನೂ ಬೇಡ’ ಎಂದಳು.

‘ಸಹಿ ಹಾಕಿದ್ರೆ ನೋಡು ಮತ್ತೆ! ಒಂದ್ ಹತ್ತು ದಿನ ಕೊಡು ನಂಗೆ.’

‘ಹತ್ತು ದಿನದಲ್ಲಿ ಏನು ಕಡಿದು ಕಟ್ಟೆ ಹಾಕ್ತೀಯ?’

ಏನು ಎಂದು ನನಗೂ ಗೊತ್ತಿರಲಿಲ್ಲ. ವಾಪಸು ಕಾರು ಓಡಿಸುತ್ತ ಅಳು ಬಂತು. ದಾರಿಯಲ್ಲಿ ಹಾರ್ನ್ ಮಾಡಿದವನೊಬ್ಬನನ್ನು ಕಿಟಕಿ ಇಳಿಸಿ ಬಾಯಿಗೆ ಬಂದ ಹಾಗೆ ಬೈದೆ, ಸ್ವಲ್ಪ ಹಗುರವಾಯಿತು.

ದಾರಿ ಹೊಳೆದದ್ದು ನಮ್ಮೆಜಮಾನರ ಫೋನಿನಿಂದಲೇ. ಕಾಲೇಜಿನ ಹಳೆಯ ಎಂಜಿನ್ ಲ್ಯಾಬನ್ನು ಕೆಡವುತ್ತಾರಂತೆ. ಅಲ್ಲಿರುವ ಒಂದೇ ಸಿಲಿಂಡರಿನ, ಆಳೆತ್ತರದ ಗಾಲಿಯ ಡೀಸೆಲ್ ಎಂಜಿನ್ ಗುಜರಿಗೆ ಹೋಗುತ್ತದಂತೆ. ಈ ಸುದ್ದಿ ಹೇಳಿ ಮೂರು ದಿನ ಅವರು ಊಟ ಸರಿಯಾಗಿ ಮಾಡಲಿಲ್ಲ. ಯಾರೇ ಫೋನು ಮಾಡಿದರೂ ಅದೇ ಮಾತು. ಅದರ ಬಿಸಿ ಕೊಳವೆಗೆ ಕೈ ತಾಗಿಸಿ ಸುಟ್ಟುಕೊಳ್ಳದೆ ಪಾಸಾದವನೇ ಇಲ್ಲವಂತೆ. ಮನೆಯವರ ಹುಟ್ಟಿದ ದಿನ ನೆನಪಿರದ ಗಂಡಸರು ಆ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಥಟ್ಟನೆ ಹೇಳುತ್ತಿದ್ದರು.

‘ರೀ,’ ಎಂದೆ, ‘ನಿಮ್ಮೋರು ಭಾಷಣಕ್ಕೆ ಬರಲ್ಲ. ಯಂತ್ರ ನೋಡೋಕೆ ಬರ್ತಾರೆ. ಅದನ್ನ ಕೊನೇ ಸಲ ಚಾಲೂ ಮಾಡ್ತೀವಿ ಅನ್ನಿ. ಅದೇ ದಿನ, ಅದೇ ಅಂಗಳದಲ್ಲಿ ಮಹಾಸಭೆ ಇಡಿ. ಆದ್ರೆ ಮೊದಲು ಸಭೆ, ಆಮೇಲೆ ಎಂಜಿನ್. ತಿರುಗಾ ಮುರುಗಾ ಮಾಡಿದ್ರೆ ನೋಡ್ಕೊಂಡು ಹೊರಟೋಗ್ತಾರೆ.’

ಅವರು ನನ್ನನ್ನೇ ನೋಡಿದರು. ಒಳ್ಳೆಯ ಉಪಾಯವೇ ಎಂದರು, ಆದರೆ ದನಿಯಲ್ಲಿ ಉತ್ಸಾಹವಿರಲಿಲ್ಲ. ಎಂಜಿನ್ನಿನ ದುಃಖ ಎಂದುಕೊಂಡೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಟರ್ಬೈನ್‌ಗೆ ಹೇಳಿದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದ. ಹೊಸ ಕಾರ್ಯದರ್ಶಿಯಾಗಲು ಒಬ್ಬಾಕೆ ಮುಂದೆ ಬಂದಳು. ಸೇತುವೆ ತಪಾಸಣೆಯ ಕೆಲಸದವಳು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಂಬ ಇಳಿಯುವವಳು, ಮಾತು ಕಡಿಮೆ. ನಮ್ಮ ಮನೆಗೆ ಬಂದು, ಕೋಣೆಯನ್ನು ಒಂದು ಸುತ್ತು ನೋಡಿ, ‘ಆಯ್ಕೆ ಆದ್ರೆ ಐದು ದಿನದಲ್ಲಿ ಎಲ್ಲ ಕಾಲೇಜಿಗೆ ಸಾಗಿಸ್ತೀನಿ’ ಎಂದಳು. ಆಕೆ ಹೋದ ಮೇಲೆ ನಮ್ಮೆಜಮಾನರು, ‘ಅವಳಿಗೇನು ಗೊತ್ತು, ಯಾವ ಬ್ಯಾಚಿನಲ್ಲಿ ಯಾರಿದ್ರು ಅಂತಾನೂ ಗೊತ್ತಿಲ್ಲ’ ಎಂದು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಗ್ಗೆ ಲ್ಯಾಬಿನ ಅಂಗಳದ ಬಾಗಿಲಲ್ಲಿ ಹಾಜರಿಯ ಮೇಜು ಹಾಕಿಕೊಂಡು ನಾನೇ ಕೂತೆ. ಒಂದು ಹಾಳೆಗೆ ಇಪ್ಪತ್ತೈದು ಗೆರೆ. ಪ್ರತಿ ಹಾಳೆಯ ಮೂಲೆಯಲ್ಲಿ ನಾನೇ ಕೆಂಪು ಶಾಯಿಯಲ್ಲಿ ಅಂಕಿ ಬರೆದೆ. ಅಬ್ಬಬ್ಬಾ, ಜನ ಬಂದದ್ದೇ ಬಂದದ್ದು! ಊರುಗೋಲಿನವರು, ಕಂಕುಳಲ್ಲಿ ಮಗು ಇಟ್ಟುಕೊಂಡವರು, ಎಂಜಿನ್ ಎಲ್ಲಿ ಎಂದು ಸಹಿ ಹಾಕುವ ಮೊದಲೇ ಒಳಗೆ ನುಗ್ಗುವವರು. ‘ಸಹಿ ಹಾಕಿ ಮುಂದೆ ಹೋಗಿ ಸ್ವಾಮಿ’ ಎಂದು ಗಂಟಲು ಹರಿದುಕೊಂಡೆ. ಹದಿನಾರನೇ ಹಾಳೆ ತುಂಬಿತು. ಹದಿನೇಳನೆಯದರಲ್ಲಿ ಇಪ್ಪತ್ತನೇ ಹೆಸರು ಬಿದ್ದಾಗ ಅದರ ಕೆಳಗೆ ಕೆಂಪು ಗೆರೆ ಎಳೆದೆ. ಹನ್ನೊಂದೂಕಾಲಿಗೆ ಅದೂ ಪೂರ್ತಿ ತುಂಬಿತು. ನಾನೂರ ಇಪ್ಪತ್ತೈದು. ಹಾಳೆಗಳನ್ನೆಲ್ಲ ಜೋಡಿಸಿ ಗಂಡನ ಕೈಗೆ ಕೊಟ್ಟು, ಗೋಡೆಯ ಮರೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ.

‘ಆ ಅರ್ಜಿ ಹರಿದು ಬಿಸಾಕೇ!’

‘ನಿಜ ಹೇಳ್ತಿದೀಯ?’ ಎಂದಳು. ಆಮೇಲೆ ಮೂಗು ಏರಿಸುವ ಸದ್ದು ಕೇಳಿಸಿತು.

ನಾನು ಮರಳಿ ಬಂದಾಗ ನಮ್ಮೆಜಮಾನರು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತಿದ್ದರು. ಕನ್ನಡಕ ಸರಿಮಾಡಿಕೊಂಡರು. ‘ಇವತ್ತಿನ ಹಾಜರಿ ನಾನೂರು. ಬೇಕಾದ್ದು ನಾನೂರ ಇಪ್ಪತ್ತು. ಇಪ್ಪತ್ತು ಕಡಿಮೆ ಇರೋದ್ರಿಂದ ಈ ಸಭೆ ಊರ್ಜಿತ ಆಗೋದಿಲ್ಲ. ಈಗ ಎಲ್ಲರೂ ಎಂಜಿನ್ ನೋಡೋದಕ್ಕೆ ಒಳಗೆ ಹೋಗಬಹುದು’ ಎಂದರು.

‘ಛೇ, ಇನ್ನಿಪ್ಪತ್ತು ಜನ ಅಷ್ಟೇ!’ ಎಂದು ಟರ್ಬೈನ್ ತಲೆಯ ಮೇಲೆ ಕೈ ಹೊತ್ತ. ಕುರ್ಚಿಗಳು ಕಿರುಗುಟ್ಟಿದವು. ಜನ ಎದ್ದು ಲ್ಯಾಬಿನ ಬಾಗಿಲ ಕಡೆ ತಿರುಗತೊಡಗಿದರು.

ಒಂದು ಕ್ಷಣ ನಾನೇ ಎಣಿಕೆ ತಪ್ಪಿದೆನೇನೋ ಎಂದುಕೊಂಡೆ. ಆಮೇಲೆ ಅವರ ಅಂಗಿಯ ಮೇಲಿನ ಜೇಬು ಕಂಡಿತು. ನಾಲ್ಕಾಗಿ ಮಡಿಸಿದ ಬಿಳಿ ಕಾಗದದ ತುದಿ ಹೊರಗಿತ್ತು. ಪಿತ್ತ ನೆತ್ತಿಗೇರಿತು.

‘ನಿಲ್ಲಿ!’ ಎಂದು ಕೂಗಿದೆ. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೆಳೆಸಿದ ಗಂಟಲು ಅದು. ಎದ್ದವರೆಲ್ಲ ಇದ್ದಲ್ಲೇ ನಿಂತರು. ‘ಹಾಜರಿ ತಗೊಂಡೋಳು ನಾನು. ಹದಿನೇಳು ಹಾಳೆ ಕೊಟ್ಟಿದೀನಿ. ಹದಿನೇಳನೇದು ಎಲ್ಲಿ?’

ಅವರು ನನ್ನನ್ನು ನೋಡಿದರು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಮನುಷ್ಯ ಮೈಕಿಗೆ ಬಾಯಿಟ್ಟು, ಯಾರೋ ದಾರಿಹೋಕಳಿಗೆ ಹೇಳುವ ಹಾಗೆ ಹೇಳಿದರು: ‘ಸದಸ್ಯರಲ್ಲದವರು ಸಭೆಯಲ್ಲಿ ಮಾತಾಡೋ ಹಾಗಿಲ್ಲ. ದಯವಿಟ್ಟು ಕೂತ್ಕೊಳ್ಳಿ.’

ಯಾರೋ ಕಿಸಕ್ಕನೆ ನಕ್ಕರು. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ. ಆಗ ಮೂರನೇ ಸಾಲಿನಿಂದ ಸೇತುವೆಯಾಕೆ ಎದ್ದಳು.

‘ನಾನು ಸದಸ್ಯೆ. ಅವರು ಕೇಳಿದ್ದನ್ನೇ ಕೇಳ್ತಿದೀನಿ. ಹದಿನೇಳನೇ ಹಾಳೆ ಎಲ್ಲಿ ಸರ್?’

ಟರ್ಬೈನ್ ಒಮ್ಮೆ ನನ್ನ ಕಡೆ, ಒಮ್ಮೆ ಅವರ ಜೇಬಿನ ಕಡೆ ನೋಡಿದ. ಹತ್ತಿರ ಹೋಗಿ ಮೆತ್ತಗೆ ಕೈ ಚಾಚಿದ. ನಮ್ಮೆಜಮಾನರು ಜೇಬಿನಿಂದ ಹಾಳೆ ತೆಗೆದು, ಮಡಿಕೆ ಬಿಚ್ಚಿ, ಅಂಗೈಯಿಂದ ಸವರಿ ಸರಿಮಾಡಿ ಕೊಟ್ಟರು. ‘ಕಣ್ತಪ್ಪಿನಿಂದ ಉಳಿದಿತ್ತು’ ಎಂದರು. ಹಿರಿಯರೆಂಬ ಗೌರವಕ್ಕೆ ಎಲ್ಲರೂ ಅದನ್ನೇ ನಂಬಿದವರಂತೆ ಮರಳಿ ಕೂತರು.

ಮೂರು ವರ್ಷ ಆಗದ ಕೆಲಸ ಮುಂದಿನ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಕೋರಂ ಇನ್ನು ಮೇಲೆ ಐವತ್ತು ಜನ, ಕಚೇರಿ ಕಾಲೇಜಿನಲ್ಲಿ, ಕಾರ್ಯದರ್ಶಿ ಸೇತುವೆಯಾಕೆ. ಹಳೆಯ ಕಾರ್ಯದರ್ಶಿಗಳ ಸೇವೆಗೆ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವ ಮೊದಲೇ ಅರ್ಧ ಜನ ಎಂಜಿನ್ ಕಡೆ ಓಡಿದ್ದರು.

ಅಂಗಳ ಖಾಲಿಯಾಯಿತು. ಒಳಗಿನಿಂದ ಎಂಜಿನ್ನು ಢಬ್ ಢಬ್ ಎಂದು ಶುರುವಾದ ಸದ್ದು, ಜನರ ಹೋ ಎನ್ನುವ ಕೂಗು. ಅದನ್ನು ನೋಡಲೆಂದು ವಾರವಿಡೀ ನಿದ್ದೆಗೆಟ್ಟ ಮನುಷ್ಯ ನನ್ನ ಹಾಜರಿ ಮೇಜಿನ ಹಿಂದೆ ಒಬ್ಬರೇ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತೆ. ಜಗಳಕ್ಕೆಂದೇ ಹೋಗಿದ್ದೆ.

‘ಯಾಕ್ರೀ ಹೀಗ್ ಮಾಡಿದ್ರಿ? ಅಕ್ಕನ್ನ ಕಂಡ್ರೆ ನಿಮಗೆ ಆಗಲ್ವಾ?’

‘ಅಯ್ಯೋ, ಅಕ್ಕನ ಮೇಲೆ ನಂಗೇನಿದೆ?’ ಎಂದರು. ಮೇಜಿನ ಮೇಲಿನ ಪೆನ್ನು ಉರುಳಿಸತೊಡಗಿದರು. ‘ಕೆಲ್ಸದಿಂದ ನಿವೃತ್ತಿ ಆಗಿ ಆರು ವರ್ಷ ಆಯ್ತು. ಬೆಳಗ್ಗೆ ಹತ್ತಕ್ಕೆ ಆ ಫೋನ್ ಬರತ್ತೆ. ಯಾರೋ ಒಬ್ಬರಿಗೆ ಏನೋ ಬೇಕಿರತ್ತೆ. ಒಂದು ವಿಳಾಸ, ಒಂದು ಪ್ರಮಾಣಪತ್ರ, ಏನೋ ಒಂದು. ನಾಳೆಯಿಂದ ಅವಳಿಗೆ ಹೋಗತ್ತೆ ಆ ಫೋನು. ಇನ್ನು ನನ್ನ ಹತ್ರ ಯಾರು ಏನು ಕೇಳ್ತಾರೆ, ಹೇಳು? ಮನೇಲಿ ಯಾರಾದ್ರೂ ನನ್ನ ಹತ್ರ ಏನಾದ್ರೂ ಕೇಳ್ತಾರಾ?’

ಕಣ್ಣಲ್ಲಿ ನೀರಿತ್ತು. ನನಗೆ ಕನಿಕರವಾಯಿತು, ಸುಳ್ಳು ಹೇಳುವುದಿಲ್ಲ. ಕನಿಕರದ ಬೆನ್ನಿಗೇ ಕೋಪವೂ ಬಂತು, ಅದೇ ಹೆಚ್ಚಿತ್ತು.

‘ನಾನು ಕೇಳಿದೀನಲ್ರೀ,’ ಎಂದೆ. ‘ಏಳು ತಿಂಗಳಿಂದ ದಿನಾ ಕೇಳಿದೀನಿ. ನನ್ನನ್ನ ಸಾಕಿದೋಳಿಗೆ ಮಲಗೋಕೆ ಒಂದು ಜಾಗ ಕೇಳಿದೀನಿ.’

‘ಅದು...’ ಎಂದರು. ‘ನೀನು ಕಾರ್ಯದರ್ಶಿನ ಕೇಳ್ತಿದೀಯ ಅಂದ್ಕೊಂಡಿದ್ದೆ.’

‘ಇಲ್ಲ. ನನ್ನ ಗಂಡನ್ನ ಕೇಳ್ತಿದ್ದೆ.’

ಒಳಗೆ ಎಂಜಿನ್ನು ನಿಂತಿತು. ಅವರು ಪೆನ್ನು ಉರುಳಿಸುವುದನ್ನೂ ನಿಲ್ಲಿಸಿ ನನ್ನ ಮುಖ ನೋಡುತ್ತ ಕೂತರು.